ಬಂಡೆ ಮತ್ತೆ ಬೀಳಿಸಿದ

"ಮನುಷ್ಯರನ್ನ ನಿಭಾಯಿಸೋದು ಒಂದು ಕಲೆ. ಅದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತೆ," ಎಂದು ಸೂಪರ್‌ವೈಸರು ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದರು. ಬಾಯಿತುಂಬ ನೊರೆ ಇದ್ದುದರಿಂದ ಹೆಂಡತಿಗೆ 'ಮನುಷ್ಯರನ್ನ' ಎಂಬುದೊಂದೇ ಕೇಳಿಸಿತು.

"ಮನುಷ್ಯರನ್ನ ಏನು?" ಎಂದಳು ಆಕೆ.

"ನಿಭಾಯಿಸೋದು. ನೋಡ್ತಿರು, ಅವನು ಎಷ್ಟೇ ಬೀಳಿಸಲಿ, ನಾನು ಅವನನ್ನ ಕೈಬಿಡಲ್ಲ. ಒಂದೇ ವಾರದಲ್ಲಿ ತಿದ್ದಿ ತೀಡಿ, ಭಾನುವಾರದ ಫೈನಲ್‌ಗೆ ಚಿನ್ನ ಮಾಡಿ ನಿಲ್ಲಿಸ್ತೀನಿ."

"ಮೊದಲು ಆ ನೊರೆ ಉಗೀರಿ. ಕನ್ನಡಿ ಮೇಲೆಲ್ಲ ಬೀಳಿಸ್ತಿದ್ದೀರ."

ಸೂಪರ್‌ವೈಸರು ಮನೆ ಸಾಮಾನು ಸಾಗಿಸುವ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಸೂಪರ್‌ವೈಸರು. ಅವರು ಒಂದು ವಾರದಲ್ಲಿ ತಿದ್ದಲು ಹೊರಟಿದ್ದ ಮನುಷ್ಯ ಮಾತ್ರ ಮನುಷ್ಯನಾಗಿರಲಿಲ್ಲ. ಅವರ ಕಂಪ್ಯೂಟರಿನೊಳಗೆ ವಾಸವಾಗಿದ್ದ, ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಆಟಗಾರ.

ಅದೊಂದು ಫುಟ್ಬಾಲ್ ಆಟ. ಕಾಲಿನಲ್ಲಿ ಒದೆಯುವ ಫುಟ್ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಎದುರು ಬಂದವರನ್ನೆಲ್ಲ ಗುದ್ದಿಕೊಂಡು ಓಡುವ ಫುಟ್ಬಾಲ್. "ಹೆಸರಿಗೆ ಫುಟ್ಬಾಲು, ಕಾಲಿಗೆ ಚೆಂಡೇ ಕೊಡಲ್ಲ," ಎಂದು ಹೆಂಡತಿ ಮೊದಲ ದಿನವೇ ತೀರ್ಪು ಕೊಟ್ಟಿದ್ದಳು. ಇದರಲ್ಲಿ ಆಡುವವರು ಓಡಬೇಕಾಗಿಲ್ಲ, ಬೆವರಬೇಕಾಗಿಲ್ಲ. ಅವರು ತಂಡದ ಮ್ಯಾನೇಜರು. ಯಾರನ್ನು ಇಳಿಸಬೇಕು, ಯಾರನ್ನು ಕೂರಿಸಬೇಕು, ಯಾರಿಗೆ ಎಂಥ ತರಬೇತಿ ಎಂದು ವಾರವಿಡೀ ಅಪ್ಪಣೆ ಕೊಟ್ಟು, ಭಾನುವಾರ ಕೈಕಟ್ಟಿ ಕೂತು ನೋಡುವುದಷ್ಟೇ ಕೆಲಸ. ಪಂದ್ಯವನ್ನು ಕಂಪ್ಯೂಟರು ತಾನೇ ಆಡಿ ಮುಗಿಸಿ, ಕೊನೆಗೆ ಯಾರು ಎಷ್ಟು ಓಡಿದರು, ಯಾರು ಎಷ್ಟು ಸಲ ಬೀಳಿಸಿದರು ಎಂದು ಹೆಸರು ಸಮೇತ ವರದಿ ಕೊಡುತ್ತದೆ. ಕೈಕಟ್ಟಿ ಕೂತು ಅಪ್ಪಣೆ ಕೊಡುವುದರಲ್ಲಿ ಸೂಪರ್‌ವೈಸರಿಗೆ ಎರಡು ದಶಕಗಳ ಅನುಭವವಿತ್ತು. ಕಂಪನಿಯಲ್ಲಿ ಐದು ಜನ ಸೇರಿ ಕಟ್ಟಿಕೊಂಡಿದ್ದ ಪಂದ್ಯಾವಳಿಯಲ್ಲಿ ಅವರು ಫೈನಲ್ ತಲುಪಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಎದುರಾಳಿ ಲಾರಿ ಡ್ರೈವರು.

ಈ ಆಟದಲ್ಲಿ ಆಟಗಾರರಿಗೆ ನಮಗೆ ಬೇಕಾದ ಹೆಸರಿಡಬಹುದು. ಚೆಂಡು ಹಿಡಿದು ನುಗ್ಗುವ ಮುಖ್ಯ ಓಟಗಾರನಿಗೆ ಸೂಪರ್‌ವೈಸರು ಬಹಳ ಪ್ರೀತಿಯಿಂದ 'ಬಂಡೆ' ಎಂದು ಹೆಸರಿಟ್ಟಿದ್ದರು.

ಅಸಲಿ ಬಂಡೆ ಕಂಪನಿಯ ಹಿರಿಯ ಹಮಾಲಿ. ಹತ್ತೊಂಬತ್ತು ವರ್ಷದಲ್ಲಿ ಒಂದು ಚಮಚವನ್ನೂ ಬೀಳಿಸಿದವನಲ್ಲ. ಒಮ್ಮೆ ಗಾಜಿನ ಬೀರುವನ್ನು ಒಳಗಿನ ಲೋಟಗಳ ಸಮೇತ ಮೂರು ಮಹಡಿ ಇಳಿಸಿದಾಗ, ಒಂದು ಲೋಟದಲ್ಲಿ ಮರೆತು ಉಳಿದಿದ್ದ ನೀರು ಕೂಡ ತುಳುಕಿರಲಿಲ್ಲವಂತೆ. ಗಿರಾಕಿಗಳು ಫೋನ್ ಮಾಡಿದರೆ ದರ ಕೇಳುವ ಮೊದಲು "ಬಂಡೆ ಬರ್ತಾನಾ?" ಎಂದು ಕೇಳುತ್ತಿದ್ದರು. ಅವನಿಗೆ ಆಸ್ತಿ ಅಂತ ಇದ್ದದ್ದು ಆ ಹೆಸರೊಂದೇ. ಅದನ್ನೇ ಸೂಪರ್‌ವೈಸರು ಹೇಳದೆ ಕೇಳದೆ ಎರವಲು ತಂದು ಕಂಪ್ಯೂಟರಿಗೆ ತುಂಬಿದ್ದರು.

ಕಂಪ್ಯೂಟರಿನ ಬಂಡೆಯೂ ಬಂಡೆಯೇ. ಮೈಕಟ್ಟು ಹಾಗೇ, ನುಗ್ಗುವ ಗತ್ತು ಹಾಗೇ. ಆದರೆ ಯಾರಾದರೂ ಬಂದು ಗುದ್ದಿದರೆ ಸಾಕು, ಚೆಂಡನ್ನು ಕೈಬಿಡುತ್ತಿದ್ದ. ಎಂಟು ಪಂದ್ಯಗಳಲ್ಲಿ ಹನ್ನೊಂದು ಸಲ! ಗೆಲುವಿನ ಗೆರೆಗೆ ಎರಡು ಗಜ ಇರುವಾಗ ಒಮ್ಮೆ ಕೈಬಿಟ್ಟಾಗ ಸೂಪರ್‌ವೈಸರು ಊಟದ ತಟ್ಟೆಯನ್ನೇ ಕೈಬಿಟ್ಟಿದ್ದರು. ಅವತ್ತು ನೆಲ ಒರೆಸಿದ್ದು ಯಾರು ಎಂಬುದರ ಬಗ್ಗೆ ಆ ಮನೆಯಲ್ಲಿ ಈಗಲೂ ಎರಡು ಅಭಿಪ್ರಾಯಗಳಿವೆ.

ಕನ್ನಡದಲ್ಲಿ ಒಂದು ದೊಡ್ಡ ಸೌಕರ್ಯವಿದೆ. ಏನನ್ನು ಎಂದು ಹೇಳದೆಯೇ ಬೀಳಿಸಬಹುದು. 'ಅವನು ಬೀಳಿಸಿದ' ಎಂದರೆ ವಾಕ್ಯ ಮುಗಿಯಿತು, ವ್ಯಾಕರಣಕ್ಕೆ ಸಮಾಧಾನವಾಯಿತು. ಚೆಂಡೋ, ಚಮಚವೋ, ಗಾಜಿನ ಬೀರುವೋ, ಕೇಳುವವರು ಅವರವರ ಭಾವಕ್ಕೆ ತಕ್ಕಂತೆ ತುಂಬಿಕೊಳ್ಳಬಹುದು. ಸೂಪರ್‌ವೈಸರು ಕೆಟ್ಟದ್ದು ಈ ಸೌಕರ್ಯದಿಂದಲೇ.

ಆ ಸೋಮವಾರ ಅವರು ಆಫೀಸಿಗೆ ಕಾಲಿಡುತ್ತಲೇ ಹಿಂದಿನ ದಿನದ ವರದಿಯನ್ನು ಎಂದಿನಂತೆ ಎಲ್ಲರಿಗೂ ಕೇಳಿಸುವಂತೆ ಒಪ್ಪಿಸಿದರು.

"ಬಂಡೆ ಮತ್ತೆ ಬೀಳಿಸಿದ."

"ಎಷ್ಟು ಸಲ?" ಎಂದ ಡ್ರೈವರ್, ಲಾರಿಯ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ.

"ಮೂರು. ಒಂದನ್ನ ಹೇಗೋ ನಮ್ಮವರೇ ಎತ್ಕೊಂಡ್ರು. ಇನ್ನೆರಡನ್ನ ಅವರ ಕಡೆಯವರು ಎತ್ಕೊಂಡು ಓಡಿಹೋದ್ರು."

"ಹಿಡಿಯೋಕೆ ಆಗಲಿಲ್ವಾ?"

"ಎಲ್ಲಿ ಹಿಡಿಯೋದು? ಒಬ್ಬನಂತೂ ಅರವತ್ತು ಗಜ ಓಡಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೀತಿದ್ರು."

"ಬಿಡಿ ಸಾರ್, ಅವನು ಬಂಡೆ ಅಲ್ಲ, ಜಾರುಬಂಡೆ."

ಎಲ್ಲರೂ ನಕ್ಕರು. ಗಾಜಿನ ಕೋಣೆಯೊಳಗೆ ಕೂತಿದ್ದ ಮೇಡಂ ಮಾತ್ರ ನಗಲಿಲ್ಲ. ಅವರು ಹಳೆಯ ಯಜಮಾನರ ಮಗಳು. ಅಪ್ಪ ಆರೋಗ್ಯ ಕೆಟ್ಟು ಮನೆಯಲ್ಲಿ ಕೂತ ಮೇಲೆ, ಮೂರು ತಿಂಗಳ ಹಿಂದಷ್ಟೇ ಕಂಪನಿ ವಹಿಸಿಕೊಂಡಿದ್ದರು. ಈ ಪಂದ್ಯಾವಳಿಯ ಗಂಧಗಾಳಿ ಅವರಿಗಿರಲಿಲ್ಲ. ಕೆಲಸದ ಹೊತ್ತಿನಲ್ಲಿ 'ಆಟ', 'ಚೆಂಡು' ಎಂಬ ಮಾತನ್ನೇ ಎತ್ತದೆ ಅದು ಅವರಿಗೆ ತಿಳಿಯದಂತೆ ನೋಡಿಕೊಳ್ಳುವುದರಲ್ಲಿ ಐವರೂ ಒಗ್ಗಟ್ಟಾಗಿದ್ದರು. ಐದು ನಿಮಿಷದಲ್ಲಿ ಸೂಪರ್‌ವೈಸರಿಗೆ ಒಳಗಿಂದ ಕರೆ ಬಂತು.

"ಬಂಡೆ ವಿಷಯ ಕೇಳಿದೆ," ಎಂದರು ಮೇಡಂ.

ಗುಟ್ಟು ರಟ್ಟಾಯಿತೆಂದು ಸೂಪರ್‌ವೈಸರು ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಮೇಡಂ ಮುಖದಲ್ಲಿ ಕೋಪವಿರಲಿಲ್ಲ, ಕಾಳಜಿಯಿತ್ತು. 'ಓಹೋ, ಇವರಿಗೂ ಆಟದ ಹುಚ್ಚು ಹತ್ತಿದೆ' ಎಂದುಕೊಂಡು ಅವರು ಅರಳಿದರು.

"ನಿಮಗೂ ಗೊತ್ತಾಯ್ತಾ ಮೇಡಂ?"

"ಗೋಡೆಗೂ ಗೊತ್ತಾಗೋ ಹಾಗೆ ಹೇಳ್ತಿದ್ರಲ್ಲ. ಎಷ್ಟು ದಿನದಿಂದ ಹೀಗೆ?"

"ಈ ಸೀಸನ್ ಪೂರ್ತಿ. ಒಟ್ಟು ಹನ್ನೊಂದು ಸಲ."

"ಹನ್ನೊಂದು." ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮತ್ತೆ ಯಾಕೆ ಇಟ್ಕೊಂಡಿದ್ದೀರ ಅವನನ್ನ?"

"ಓಟ ಚೆನ್ನಾಗಿದೆ ಮೇಡಂ. ಕೈಗೆ ಸಿಕ್ಕಿದ್ದೇ ತಡ, ಹಿಂದೆ ಮುಂದೆ ನೋಡದೆ ಓಡ್ತಾನೆ. ನಾಲ್ಕು ಜನ ಮೇಲೆ ಬಿದ್ದರೂ ನಿಲ್ಲಲ್ಲ."

"ಓಡ್ತಾನಾ? ಎಲ್ಲಿಗೆ?"

"ದಾರಿ ಕಂಡ ಕಡೆ."

ಮೇಡಂ ಗಾಜಿನಾಚೆ ಹಮಾಲಿಗಳತ್ತ ನೋಡಿದರು. ಆಮೇಲೆ, "ಅಪ್ಪ ಇವನನ್ನ ತುಂಬಾ ನಂಬಿದ್ರು," ಎಂದರು.

"ನಿಮ್ಮಪ್ಪಾಜಿಯವರಿಗೂ ಗೊತ್ತಿತ್ತಾ!" ಸೂಪರ್‌ವೈಸರಿಗೆ ಕಣ್ಣು ತುಂಬಿ ಬಂತು. "ಯೋಚನೆ ಮಾಡಬೇಡಿ ಮೇಡಂ. ಇಂಥವರನ್ನ ತೆಗೆದು ಹಾಕೋದು ಸುಲಭ. ತಿದ್ದೋದ್ರಲ್ಲೇ ಇರೋದು ಜಾಣತನ."

"ಹಾಗಾದ್ರೆ ಏನೇನು ಮಾಡಬೇಕು ಅಂತ ಬರೆದುಕೊಡಿ. ನಾಳೆನೇ ಜಾರಿಗೆ ತರೋಣ."

ಜಾರಿಗೆ ತರುವ ಮಾತು ಸೂಪರ್‌ವೈಸರಿಗೆ ಸ್ವಲ್ಪ ವಿಚಿತ್ರವಾಗಿ ಕೇಳಿಸಿತು. ಆದರೆ ಹೊಗಳಿಕೆಗೆ ಹಸಿದ ಕಿವಿ ವಿಚಿತ್ರವನ್ನು ಬಿಟ್ಟು ಬೇಕಾದ್ದನ್ನಷ್ಟೇ ಆರಿಸಿಕೊಳ್ಳುತ್ತದೆ. ಮೇಡಂ ತಮ್ಮದೂ ಒಂದು ತಂಡ ಕಟ್ಟುತ್ತಿರಬೇಕು ಎಂದು ಅವರು ತೀರ್ಮಾನಿಸಿದರು. ಕಂಪನಿಯ ಮುದ್ರೆ ಇರುವ ಹಾಳೆಯಲ್ಲಿ, ಒಂದಕ್ಷರ ಹೊಡೆದು ಹಾಕದೆ, ಎರಡು ಪುಟ ಬರೆದರು. ಬಂಡೆಯ ಮುಂದೆ ಸದಾ ಇಬ್ಬರು ದಢೂತಿ ಆಳುಗಳು ದಾರಿ ಬಿಡಿಸಿಕೊಂಡು ಓಡಬೇಕು. ನೆಲ ಒದ್ದೆಯಿದ್ದರೆ ಅವನನ್ನು ಇಳಿಸಲೇಬಾರದು. ಮುಖ್ಯವಾದ ಹೊತ್ತಿನಲ್ಲಿ ಅವನ ಕೈಗೆ ಕೊಡಲೇಬಾರದು. ಇನ್ನು ತರಬೇತಿ: ಒಂದು ವಾರ ಪೂರ್ತಿ ಅದನ್ನು ಎದೆಗವುಚಿಕೊಂಡೇ ಓಡಾಡಬೇಕು, ಊಟಕ್ಕೆ ಕೂತಾಗಲೂ ಕೆಳಗಿಡಬಾರದು, ಕಂಡ ಕಂಡವರೆಲ್ಲ ಹಿಂದಿನಿಂದ ಬಂದು ತಟ್ಟಿ ಬೀಳಿಸಲು ನೋಡಬೇಕು.

ಅದನ್ನು. ಯಾವುದನ್ನು? ಕನ್ನಡದ ಸೌಕರ್ಯ.

ಹಾಳೆಯನ್ನು ಕೊಟ್ಟು, ಸೂಪರ್‌ವೈಸರು ಎರಡು ದಿನ ದೊಡ್ಡದೊಂದು ಪುಸ್ತಕ ಭಂಡಾರದ ಕಪಾಟುಗಳನ್ನು ಅಳತೆ ಮಾಡಲು ಹೋದರು. ಗುರುವಾರ ಬೆಳಿಗ್ಗೆ ಆಫೀಸಿಗೆ ಮರಳಿದಾಗ ಬಾಗಿಲಲ್ಲೇ ಅವರನ್ನು ಯಾರೋ ಹೆಚ್ಚುಕಡಿಮೆ ತುಳಿದು ದಾಟಿದರು. ನೋಡಿದರೆ ಉಗ್ರಾಣದವರು. ಅವರ ಪಕ್ಕದಲ್ಲಿ ಲೆಕ್ಕದವರು. ಇಬ್ಬರದೂ ಸೇರಿ ಎರಡು ಕ್ವಿಂಟಾಲಿಗೆ ಮೋಸವಿಲ್ಲ. "ದಾರಿ, ದಾರಿ" ಎಂದು ಏದುಸಿರು ಬಿಡುತ್ತ ಅವರು ಓಡುತ್ತಿದ್ದರು. ಅವರ ಹಿಂದೆ ಅಸಲಿ ಬಂಡೆ, ಎದೆಗೆ ಒಂದು ನೀಲಿ ಪಿಂಗಾಣಿ ಹೂದಾನಿಯನ್ನು ಅವುಚಿಕೊಂಡು, ತಲೆ ತಗ್ಗಿಸಿ ನಡೆದು ಬರುತ್ತಿದ್ದ. ಅವನ ಹಿಂದೆ ಟೈಪಿಸ್ಟ್ ಹುಡುಗಿ ಸಂಕೋಚದಿಂದ ಅವನ ಮೊಣಕೈಗೆ ಫೈಲಿನಿಂದ ತಟ್ಟುತ್ತಿದ್ದಳು.

ಗೋಡೆಯ ಮೇಲೆ ಪ್ರಕಟಣೆ ಇತ್ತು. ಕೆಳಗೆ ಮೇಡಂ ಸಹಿ. ಮೇಲೆ 'ಸೂಪರ್‌ವೈಸರ ಶಿಫಾರಸಿನಂತೆ' ಎಂಬ ಗೌರವ. ಆಟದ ಗುಟ್ಟು ಬಯಲಾದರೆ ತಮಗೂ ಕುತ್ತು ಎಂದು ಪಂದ್ಯಾವಳಿಯ ಉಳಿದ ನಾಲ್ವರು ಬಾಯಿ ಬಿಟ್ಟಿರಲಿಲ್ಲ.

ಸೂಪರ್‌ವೈಸರಿಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು.

ಬಂಡೆ ಅವರ ಮುಂದೆ ಬಂದು ನಿಂತ. ಕಣ್ಣು ಕೆಂಪಾಗಿತ್ತು.

"ಸಾರ್, ನಾನು ಏನು ಬೀಳಿಸ್ದೆ ಅಂತ ಒಂದು ಮಾತು ಹೇಳಿ, ಸಾಕು," ಎಂದ. "ಎರಡು ದಿನದಿಂದ ಯೋಚನೆ ಮಾಡ್ತಾ ಇದ್ದೀನಿ, ನೆನಪೇ ಆಗ್ತಿಲ್ಲ. ಮನೇಲಿ ಕೇಳ್ತಾಳೆ, ಏನು ಬೀಳಿಸಿದ್ರಿ ಅಂತ. ಬೀದೀಲಿ ಕ್ಲೀನರ್‌ಗಳೆಲ್ಲ ಜಾರುಬಂಡೆ ಅಂತಾರೆ. ಹನ್ನೊಂದು ಸಲವಂತೆ. ಒಂದಾದ್ರೂ ಯಾವುದು ಅಂತ ಗೊತ್ತಾದ್ರೆ, ಹೋಗಿ ಆ ಮನೆಯವರ ಕಾಲಿಗಾದ್ರೂ ಬೀಳ್ತೀನಿ."

ಸೂಪರ್‌ವೈಸರ ಬಾಯಿಗೆ ಸತ್ಯ ಬಂದೇ ಬಂದಿತ್ತು. ಇನ್ನೇನು ತುಟಿ ದಾಟಬೇಕು, ಅಷ್ಟರಲ್ಲಿ ಗಾಜಿನ ಬಾಗಿಲು ತೆರೆಯಿತು.

"ಸೂಪರ್‌ವೈಸರ್ ಅವರೇ, ನಿಮ್ಮ ಉಪಾಯ ಅದ್ಭುತ," ಎಂದರು ಮೇಡಂ. "ಎರಡು ದಿನದಿಂದ ಎಷ್ಟೇ ತಟ್ಟಿದರೂ ಒಂದು ಸಲಾನೂ ಬೀಳಿಸಿಲ್ಲ. ಮ್ಯಾನೇಜರ್ ಜಾಗ ಖಾಲಿ ಇದೆಯಲ್ಲ, ಅದಕ್ಕೆ ಹೊರಗಿನವರನ್ನ ಯಾಕೆ ಹುಡುಕಬೇಕು ಅಂತ ಯೋಚಿಸ್ತಾ ಇದ್ದೀನಿ."

ಸತ್ಯ ಬಂದ ದಾರಿಯಲ್ಲೇ ವಾಪಸು ಹೋಯಿತು.

"ಅವನು ಸುಧಾರಿಸ್ತಾನೆ ಮೇಡಂ," ಎಂದರು ಸೂಪರ್‌ವೈಸರು. ಈ ಮಾತು ಆಡಿದ್ದು ತಮ್ಮದೇ ಬಾಯಿ ಎಂದು ಅವರಿಗೇ ನಂಬಿಕೆಯಾಗಲಿಲ್ಲ. ಬಂಡೆ ಹೂದಾನಿಯನ್ನು ಇನ್ನೊಂದಿಷ್ಟು ಬಿಗಿಯಾಗಿ ಹಿಡಿದುಕೊಂಡು ಹೋದ.

ಸಂಜೆ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಆಕೆ ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಬಾಯಿ ತೆರೆಸಿ ಒಳಗಿರುವುದನ್ನು ಹೊರಗೆ ತೆಗೆಸುವುದು ಆಕೆಗೆ ನಿತ್ಯದ ಕೆಲಸ.

"ಅಂದ್ರೆ, ಅವನು ಬೀಳಿಸಿಲ್ಲ ಅಂತ ನಿಮಗೆ ಗೊತ್ತು."

"ಗೊತ್ತು."

"ಆದ್ರೂ ಹೇಳಲಿಲ್ಲ."

"ಹೇಳೋಣ ಅಂತಲೇ ಇದ್ದೆ. ಸಮಯ ನೋಡಿ ಹೇಳಬೇಕು. ಆಡಳಿತದಲ್ಲಿ ಸಮಯಪ್ರಜ್ಞೆ ಅಂತ ಒಂದಿದೆ ಕಣೆ."

"ನಾಲ್ಕು ಜನರ ಮುಂದೆ ಅವನು ಹೂದಾನಿ ಹಿಡ್ಕೊಂಡು ಓಡಾಡ್ತಿದ್ದಾನೆ. ನೀವು ಸಮಯಪ್ರಜ್ಞೆ ಹಿಡ್ಕೊಂಡು ಕೂತಿದ್ದೀರ."

"ಮ್ಯಾನೇಜರ್ ಕೆಲಸದ ವಿಷಯ..."

"ರೀ, ಅವನ ಹೆಸರು ನಿಮ್ಮ ಕೈಲಿತ್ತು. ಬೀಳಿಸಿದ್ದು ಯಾರು ಅಂತ ನೀವೇ ಹೇಳಿ."

ಸೂಪರ್‌ವೈಸರು ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತರು. ಪರದೆಯ ಮೇಲೆ ಪುಟ್ಟ ಬಂಡೆ ತರಬೇತಿಯಲ್ಲಿದ್ದ. ಅವನ ಮುಖ ನೋಡಲು ಅಂದು ಅವರಿಗೆ ಮನಸ್ಸಾಗಲಿಲ್ಲ. ಆದರೂ ಶನಿವಾರ ಮೇಡಂಗೆ ಹೇಳಿಯೇ ಬಿಡುತ್ತೇನೆ, ಅದೂ ಮ್ಯಾನೇಜರ್ ಕೆಲಸದ ಕಾಗದ ಕೈಗೆ ಬಂದ ಮೇಲೆ, ಎಂದು ಧೈರ್ಯ ತಂದುಕೊಂಡರು. ಎಂಥ ಸಂಕಟದಲ್ಲೂ ಸೂಪರ್‌ವೈಸರ ಆತ್ಮವಿಶ್ವಾಸ ಒಂದು ಹೊತ್ತಿನ ಊಟ ಬಿಟ್ಟದ್ದಿಲ್ಲ.

ಶನಿವಾರ ಮೂರನೇ ಮಹಡಿಯ ಸಂಗೀತ ಟೀಚರ ಪಿಯಾನೋ ಇಳಿಸುವುದಿತ್ತು. ಇಂಥ ಕೆಲಸಕ್ಕೆ ಬಂಡೆಯೇ ಬೇಕು. ಆದರೆ 'ಮುಖ್ಯವಾದ ಹೊತ್ತಿನಲ್ಲಿ ಅವನ ಕೈಗೆ ಕೊಡಲೇಬಾರದು' ಎಂದು ಶಿಫಾರಸು ಇತ್ತಲ್ಲ! ಹೀಗಾಗಿ ಶಿಫಾರಸು ಮಾಡಿದವರೇ ಹೆಗಲು ಕೊಡಬೇಕಾಯಿತು. ಮೇಲಿನ ತುದಿಗೆ ಡ್ರೈವರ್, ಕೆಳಗಿನ ತುದಿಗೆ ಸೂಪರ್‌ವೈಸರು.

"ಸಾರ್, ನಿಮಗೆ ಅಭ್ಯಾಸ ಇದೆಯಾ?" ಎಂದ ಡ್ರೈವರ್.

"ಇಪ್ಪತ್ತು ವರ್ಷದಿಂದ ಎತ್ತಿಸ್ತಿದ್ದೀನಿ."

"ಎತ್ತಿಸೋದಲ್ಲ ಸಾರ್, ಎತ್ತೋದು."

"ಎರಡಕ್ಕೂ ಒಂದಕ್ಷರ ವ್ಯತ್ಯಾಸ. ಹಿಡಿ."

ಆ ಒಂದಕ್ಷರದ ಭಾರ ಅವರಿಗೆ ಎಂಟನೇ ಮೆಟ್ಟಿಲಿನಲ್ಲಿ ತಿಳಿಯಿತು. ಮೆಟ್ಟಿಲು ತಿರುಗುವ ಕಡೆ ಪಿಯಾನೋ ಸಿಕ್ಕಿಕೊಂಡಿತು. ಒಂದು ತುದಿ ಮೇಲಿನ ಕಟ್ಟೆಯ ಮೇಲೆ, ಇನ್ನೊಂದು ತುದಿ ಸೂಪರ್‌ವೈಸರ ಬಲ ಹೆಗಲ ಮೇಲೆ. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಡ್ರೈವರ್ ಮೇಲಿನಿಂದ "ತಿರುಗಿಸಿ" ಎಂದ. ಸೂಪರ್‌ವೈಸರು ತಿರುಗಿದರು, ಪಿಯಾನೋ ತಿರುಗಲಿಲ್ಲ. ಬೀಳಿಸಬಾರದು, ಏನೇ ಆದರೂ ಬೀಳಿಸಬಾರದು ಎಂದು ಅವರು ಹಲ್ಲು ಕಚ್ಚಿ, ಮೊಣಕೈ ಒಳಗೆ ಎಳೆದುಕೊಂಡು, ಕಂಪ್ಯೂಟರಿನ ಆಟಗಾರನಿಗೆ ತಾವೇ ಕಲಿಸಿದ ಭಂಗಿಯಲ್ಲಿ ನಿಂತರು. ಅರ್ಧ ಗಂಟೆ ಕಳೆಯಿತು. ಮೂರನೇ ಮಹಡಿಯ ಪಕ್ಕದ ಮನೆಯವರು ತರಕಾರಿ ಚೀಲ ಹಿಡಿದು ಪಿಯಾನೋ ಕೆಳಗಿನಿಂದ ತೆವಳಿ ಮನೆ ಸೇರಿದರು. ಸಂಗೀತ ಟೀಚರ ವಿದ್ಯಾರ್ಥಿನಿ ನಾಲ್ಕು ಗಂಟೆಯ ಪಾಠಕ್ಕೆ ಬಂದವಳು, ಬಂದದ್ದು ವ್ಯರ್ಥವಾಗಬಾರದೆಂದು ಅಲ್ಲೇ ಕಟ್ಟೆಯ ಮೇಲೆ ನಿಂತು ಪಾಠ ಶುರುಮಾಡಿದಳು. ತಗ್ಗಿನ ಸ್ವರಗಳೆಲ್ಲ ಸೂಪರ್‌ವೈಸರ ಹೆಗಲಿನ ಮೂಲಕವೇ ಹೊರಟವು.

"ಅಲುಗಾಡಬೇಡಿ ಸಾರ್," ಎಂದರು ಸಂಗೀತ ಟೀಚರ್, "ತಾಳ ತಪ್ಪುತ್ತೆ."

ಡ್ರೈವರ್ ಆಫೀಸಿಗೆ ಫೋನ್ ಮಾಡಿದ. ಮೇಡಂ ಕಾರಿನಲ್ಲಿ ಓಡಿ ಬಂದರು. ಕೆಳಗಿನ ಮೆಟ್ಟಿಲಿನಿಂದ ತಲೆ ಎತ್ತಿ ನೋಡಿ, "ಬಂಡೆಗೆ ಫೋನ್ ಮಾಡಿ," ಎಂದರು. ಡ್ರೈವರ್ ಬಗ್ಗಿ ಫೋನನ್ನು ಸೂಪರ್‌ವೈಸರ ಕಿವಿಗೆ ಹಿಡಿದ. ಧ್ವನಿ ಎಲ್ಲರಿಗೂ ಕೇಳುವಂತಿತ್ತು.

"ಬಂಡೆ, ಬೇಗ ಬಾ. ಪಿಯಾನೋ ಸಿಕ್ಕಿಕೊಂಡಿದೆ."

"ನನ್ನ ಕೈಗೆ ಕೊಡಬಾರದು ಅಂತ ಆರ್ಡರ್ ಇದೆಯಲ್ಲ ಸಾರ್."

"ಆರ್ಡರ್ ಇರಲಿ, ನೀನು ಬಾ."

"ಬೇಡ ಸಾರ್. ಹನ್ನೆರಡನೇದು ಬೀಳಿಸಿದೆ ಅನ್ನಿಸ್ಕೊಳ್ಳೋದು ಬೇಡ. ನಾನೀಗ ಮನೇಲಿ ಖಾಲಿ ಲೋಟನೂ ಎರಡು ಕೈಲಿ ಹಿಡೀತೀನಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸೂಪರ್‌ವೈಸರು ತಡೆದುಕೊಳ್ಳುತ್ತಿದ್ದರೋ ಏನೋ.

ಹೆಗಲ ಮೇಲೆ ಇನ್ನೂರು ಕಿಲೋ ಇರುವಾಗ ಮನುಷ್ಯ ಸುಳ್ಳನ್ನೂ ಹೊರಲಾರ. "ನೀನು ಏನೂ ಬೀಳಿಸಿಲ್ಲ ಕಣಪ್ಪ," ಎಂದರು ಸೂಪರ್‌ವೈಸರು. "ಒಂದೂ ಇಲ್ಲ. ಅದು ಕಂಪ್ಯೂಟರ್ ಆಟ. ಅದರಲ್ಲಿ ಓಡೋನಿಗೆ ನಿನ್ನ ಹೆಸರಿಟ್ಟಿದ್ದೆ. ಬೀಳಿಸಿದ್ದು ಅವನು, ಚೆಂಡನ್ನ. ನನಗೆ ಗುರುವಾರವೇ ಗೊತ್ತಾಗಿತ್ತು. ಮ್ಯಾನೇಜರ್ ಕೆಲಸ ತಪ್ಪಿಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ತಪ್ಪಾಯ್ತು."

ಪಿಯಾನೋ ಸದ್ದು ನಿಂತಿತು. ವಿದ್ಯಾರ್ಥಿನಿ ಬಗ್ಗಿ ಕೆಳಗೆ ನೋಡಿದಳು. ಮೇಡಂ ಮುಖದಲ್ಲಿ ಮೊದಲು ಕೋಪ, ಆಮೇಲೆ ನಾಚಿಕೆ, ಕೊನೆಗೆ ಎರಡೂ ಸೇರಿದ ಒಂದು ಬಣ್ಣ ಬಂತು.

"ಚೆಂಡಾ ಸಾರ್?" ಎಂದ ಬಂಡೆ.

"ಚೆಂಡು."

"ಹತ್ತು ನಿಮಿಷದಲ್ಲಿ ಬರ್ತೀನಿ. ಅಲ್ಲಿವರೆಗೆ ಕೆಳಗಿಡಿ ಸಾರ್."

"ಇಟ್ಟರೆ ಬೀಳಿಸಿದ ಹಾಗೆ ಅಲ್ವೇನೋ?"

"ಇಡೋದೇ ಬೇರೆ, ಬೀಳಿಸೋದೇ ಬೇರೆ ಸಾರ್. ಇಡೋಕೆ ಗೊತ್ತಿಲ್ಲದೋನು ಬೀಳಿಸೇ ಬೀಳಿಸ್ತಾನೆ."

ಕಂಬಳಿ ಮಡಿಸಿ ಮೆಟ್ಟಿಲ ಮೇಲೆ ಒಟ್ಟಿ, ಆ ತುದಿಯನ್ನು ಅದರ ಮೇಲೆ ಇಳಿಸಿದರು. ಅಷ್ಟು ಹೊತ್ತು ಯಾರಿಗೂ ಇದು ಹೊಳೆದಿರಲಿಲ್ಲ. ಬಂಡೆ ಬಂದ. ಯಾರ ಮುಖವನ್ನೂ ನೋಡದೆ ಪಿಯಾನೋವಿನ ಸುತ್ತ ಒಮ್ಮೆ ಕೈಯಾಡಿಸಿ, ಕಟ್ಟೆಯ ಮೇಲೆ ಅದನ್ನು ಒಂದು ತುದಿಯ ಮೇಲೆ ನಿಲ್ಲಿಸಿ, ಮಗುವನ್ನು ಮಗ್ಗುಲು ಬದಲಿಸುವ ಹಾಗೆ ತಿರುಗಿಸಿದ. ಹನ್ನೊಂದು ನಿಮಿಷದಲ್ಲಿ ಪಿಯಾನೋ ಲಾರಿಯಲ್ಲಿತ್ತು. ಮೇಡಂ ಎಲ್ಲರೆದುರಿಗೆ ಅವನಿಗೆ ಕೈಮುಗಿದು, "ನಾನು ನಿನ್ನನ್ನೇ ಒಂದು ಮಾತು ಕೇಳಬೇಕಿತ್ತು," ಎಂದರು. ಸೂಪರ್‌ವೈಸರ ಕಡೆ ತಿರುಗಿ, "ಮ್ಯಾನೇಜರ್ ಜಾಗಕ್ಕೆ ಹೊರಗಿನವರನ್ನೇ ನೋಡೋಣ. ಸೋಮವಾರದಿಂದ ಒಂದು ವಾರ ಹೂದಾನಿ ನಿಮ್ಮದು," ಎಂದರು. ಟೈಪಿಸ್ಟ್ ಹುಡುಗಿಗೆ ಆ ಸುದ್ದಿ ತಲುಪಿಸಲು ಡ್ರೈವರ್ ಆಗಲೇ ಫೋನ್ ತೆಗೆದಿದ್ದ.

ಭಾನುವಾರ ಮಧ್ಯಾಹ್ನ ಬಂಡೆ ಸೂಪರ್‌ವೈಸರ ಮನೆಗೆ ಬಂದ. ಕರೆದದ್ದು ಹೆಂಡತಿ. ಬಂದವನು ಕುರ್ಚಿಯ ತುದಿಯಲ್ಲಿ ಕೂತು, "ನನ್ನ ಹೆಸರಿನೋನನ್ನ ಒಂದು ಸಲ ತೋರಿಸಿ ಸಾರ್," ಎಂದ.

ಸೂಪರ್‌ವೈ​ಸರು ತೋರಿಸಿದರು. ಬಂಡೆ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಒಂದೊಂದೇ ಸಾಲು ಓದಿದ. ಎಲ್ಲೋ ಕೆಳಗೆ, ಸೂಪರ್‌ವೈಸರು ಇಡೀ ಸೀಸನ್ನಿನಲ್ಲಿ ಒಮ್ಮೆಯೂ ಇಳಿದು ನೋಡದಿದ್ದ ಕಡೆ, 'ದಣಿವು: ನೂರಕ್ಕೆ ತೊಂಬತ್ತೆಂಟು' ಎಂದಿತ್ತು.

"ಇವನಿಗೆ ಒಂದು ಪಂದ್ಯವೂ ಬಿಡುವು ಕೊಟ್ಟಿಲ್ವಲ್ಲ ಸಾರ್."

"ಬಂಡೆ ಅಲ್ವೇನೋ ಅವನು?"

"ಬಂಡೆಗೂ ಮಂಡಿ ಇರುತ್ತೆ ಸಾರ್," ಎಂದು ಬಂಡೆ ತನ್ನ ಮಂಡಿ ನೀವಿಕೊಂಡ. "ಬೀಳಿಸೋದು ಕೈಯಲ್ಲ. ಮಂಡಿ ಸೋತಾಗ ಕೈ ಬಿಡುತ್ತೆ."

ಹತ್ತೊಂಬತ್ತು ವರ್ಷದಲ್ಲಿ ಈ ಮಂಡಿಗಳ ಬಗ್ಗೆ ಸೂಪರ್‌ವೈಸರು ಒಮ್ಮೆಯೂ ಕೇಳಿರಲಿಲ್ಲ. ಅದು ಅವರಿಗೆ ಆಗ ನಿಜವಾಗಿ ನೋವು ಕೊಟ್ಟಿತು.

"ನಿನಗೆ ಏನು ಬೇಕು ಹೇಳು ಬಂಡೆ. ರಜಾ? ಮೇಡಂ ಹತ್ತಿರ ನಾನೇ ಮಾತಾಡ್ತೀನಿ."

"ರಜಾ ಆಮೇಲೆ ಸಾರ್. ಮೊದಲು ನನ್ನ ಹೆಸರು ವಾಪಸು ಕೊಡಿ."

"ತೆಗೆದುಬಿಡೋಣ. ಆದ್ರೆ ಹೆಸರಿನ ಜಾಗ ಖಾಲಿ ಬಿಡೋಕೆ ಬರಲ್ಲ. ಬೇರೆ ಏನಿಡೋಣ?"

"ಸೂಪರ್‌ವೈಸರ್ ಅಂತಲೇ ಇಡಿ," ಎಂದಳು ಹೆಂಡತಿ. "ಇನ್ನು ಇವತ್ತಿನ ತಂಡ ಬಂಡೆನೇ ನೋಡ್ಕೊಳ್ಳಲಿ. ನೀವು ಹೋಗಿ ಮೂರು ಲೋಟ ಚಹಾ ಮಾಡ್ಕೊಂಡು ಬನ್ನಿ."

ಅವರು ಚಹಾ ತರುವಷ್ಟರಲ್ಲಿ ಪಂದ್ಯ ಶುರುವಾಗಿತ್ತು. ಹೆಬ್ಬೆರಳಿನಷ್ಟು ಎತ್ತರದ ಆಟಗಾರರು ಪರದೆಯ ತುಂಬ ಗುದ್ದಾಡುತ್ತಿದ್ದರು. ಕೆಳಗಿನ ಸಾಲಿನಲ್ಲಿ 'ಓಟಗಾರ ಎಂಟು ಗಜ ಮುಂದೆ', 'ಓಟಗಾರ ಹನ್ನೆರಡು ಗಜ ಮುಂದೆ' ಎಂದು ಬರುತ್ತಲೇ ಇತ್ತು. ಯಾರಾದರೂ ಗುದ್ದಲು ಬಂದರೆ ಓಟಗಾರ ಚೆಂಡನ್ನು ಅವುಚಿಕೊಂಡು ತಾನಾಗಿಯೇ ನೆಲಕ್ಕೆ ಕೂತುಬಿಡುತ್ತಿದ್ದ. ಒಮ್ಮೆಯೂ ಬೀಳಿಸಲಿಲ್ಲ. ಕೊನೆಯ ನಿಮಿಷದಲ್ಲಿ ಅವನು ನಾಲ್ವರನ್ನು ತಪ್ಪಿಸಿ ಗೆರೆ ದಾಟಿದಾಗ ಸೂಪರ್‌ವೈಸರು ಎದ್ದು ನಿಂತರು. ಡ್ರೈವರ ತಂಡ ಸೋತಿತ್ತು.

"ನೋಡಿದ್ಯಾ?" ಎಂದರು ಹೆಂಡತಿಗೆ. ಎದೆ ಒಂದು ಗೇಣು ಮುಂದೆ ಬಂದಿತ್ತು. "ಹೆಸರು ಬದಲಾಯಿಸಿದ ಒಂದೇ ಗಂಟೆಯಲ್ಲಿ! ರಕ್ತದಲ್ಲೇ ಇರಬೇಕು ಕಣೆ. ಸೂಪರ್‌ವೈಸರ್ ಅಂದ್ರೆ ಸುಮ್ಮನೆ ಅಂದ್ಕೊಂಡ್ಯಾ? ನುಗ್ಗೋದು ನೋಡು, ತಪ್ಪಿಸ್ಕೊಳ್ಳೋದು ನೋಡು."

"ವರದಿ ಬಂತು, ಓದಿ," ಎಂದಳು ಹೆಂಡತಿ.

ಸೂಪರ್‌ವೈಸರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಪಕ್ಕದ ಮನೆಗೂ ಕೇಳುವಂತೆ ಓದಿದರು: "ಸೂಪರ್‌ವೈಸರ್. ಬೀಳಿಸಿದ್ದು, ಸೊನ್ನೆ." ಹೆಮ್ಮೆಯಿಂದ ಎಲ್ಲರ ಮುಖ ನೋಡಿ ಮುಂದುವರಿಸಿದರು. "ಓಡಿದ್ದು, ಸೊನ್ನೆ. ಚೆಂಡು ಮುಟ್ಟಿದ್ದು, ಸೊನ್ನೆ. ಬೆಂಚಿನ ಮೇಲೆ ಕೂತದ್ದು, ಪಂದ್ಯ ಪೂರ್ತಿ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಸೊನ್ನೆಗಳು ಅಲ್ಲೇ ಇದ್ದವು.

"ಹಾಗಾದ್ರೆ ಓಡಿದ್ದು ಯಾರೋ?"

"ಬದಲಿ ಹುಡುಗ ಸಾರ್. ಸೀಸನ್ ಪೂರ್ತಿ ಕೂತು ಕೂತು ಚೆನ್ನಾಗಿ ದಣಿವಾರಿಸ್ಕೊಂಡಿದ್ದ," ಎಂದ ಬಂಡೆ. ಚಹಾದ ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, ತಪ್ಪು ತಿಳಿಯಬಾರದೆಂಬ ಮರ್ಯಾದೆಯಿಂದ ಸೇರಿಸಿದ: "ಸೂಪರ್‌ವೈಸರ್ ಅಂತ ಹೆಸರು ಹಾಕಿದ ಮೇಲೆ, ಕೂರಿಸದೆ ಇನ್ನೇನು ಕೆಲಸ ಕೊಡ್ಲಿ ಸಾರ್?"